ಎಡಗೆನ್ನೆಯ ಮಚ್ಚೆ

ರಾಜಾಜಿನಗರದ ಪಂಕಜಾ ಸ್ಟುಡಿಯೋದಲ್ಲಿ ಕಪ್ಪಗಿದ್ದವರು ಯಾರೂ ಇರಲಿಲ್ಲ. ಅಂಗಡಿ ಮುಂದಿನ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತ ಹುಡುಗಿಯರೆಲ್ಲ ಹಾಲಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಿದ್ದರು. ಒಬ್ಬಳ ಮೂಗೂ ಮೊಂಡಲ್ಲ, ಒಬ್ಬಳ ಹಲ್ಲೂ ಉಬ್ಬಲ್ಲ. ಸಿಡುಬು ಅನ್ನುವ ಕಾಯಿಲೆ ಈ ಬಡಾವಣೆಯ ಕಡೆ ತಲೆ ಹಾಕಿ ಕೂಡ ಮಲಗಿರಲಿಲ್ಲವೇನೋ ಅನ್ನಬೇಕು, ಹಾಗಿತ್ತು. ಇದೆಲ್ಲ ಸ್ಟುಡಿಯೋದ ಯಜಮಾನ ಚಕ್ರಪಾಣಿಯ ಪೆನ್ಸಿಲಿನ ಮಹಿಮೆ. ಸೂಜಿಯ ಹಾಗೆ ಹೆರೆದ ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಚುಕ್ಕಿ ಇಡುತ್ತಾ ಹೋದರೆ, ಪ್ರಿಂಟ್ ಹಾಕಿದಾಗ ಆ ಜಾಗ ಬೆಳ್ಳಗೆ ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಅವನು ಹಾಗೆ ಚುಕ್ಕಿ ಇಡುತ್ತಲೇ ಬಂದಿದ್ದ.

ಆ ಕೆಲಸದ ಮೇಲೆ ಅವನಿಗೆ ಎಂಥ ಅಸಹ್ಯವಿತ್ತೆಂದರೆ, ದಿನಾ ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಮೊಣಕೈವರೆಗೆ ಸೋಪು ಹಚ್ಚಿ ಎರಡೆರಡು ಸಲ ತೊಳೆದುಕೊಳ್ಳುತ್ತಿದ್ದ. ಡೆವಲಪರ್ ವಾಸನೆ ಹೋಗಲಿ ಅಂತ ಎಲ್ಲರಿಗೂ ಹೇಳುತ್ತಿದ್ದ. ಆದರೆ ಅವನ ಮೂಗಿಗೆ ಹತ್ತಿದ್ದ ವಾಸನೆಯೇ ಬೇರೆ. ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳು ಕೇಳುತ್ತಿದ್ದಾಳೆ ಅನ್ನುವ ಖಬರೂ ಇಲ್ಲದೆ, "ಸಾರ್, ತುಟಿ ಸ್ವಲ್ಪ ದಪ್ಪ, ಒಂಚೂರು ತೆಳ್ಳಗ್ ಮಾಡ್ಬಿಡಿ," "ಇವಳಕ್ಕಂದು ಬೆಳ್ಳಗ್ ಬಂದಿತ್ತಲ್ಲ, ಹಂಗೇ ಬರ್ಲಿ" ಎಂದು ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರ ಹಾಗೆ ಮಾತಾಡುವ ಅಪ್ಪ ಅಮ್ಮಂದಿರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಗಂಡಿನ ಮನೆಗಳನ್ನು ಸುತ್ತಿ ವಾಪಸು ಬಂದ ಫೋಟೋಗಳನ್ನು ಅವರೇ ತಂದು ತೋರಿಸುತ್ತಿದ್ದರು. ಒಂದರ ಮೂಲೆಯಲ್ಲಿ ಹುಳಿಯ ಕಲೆ, ಇನ್ನೊಂದರ ಹಣೆಯ ಮೇಲೆ ಯಾರದೋ ಎಣ್ಣೆಗೈಯ ಗುರುತು. "ಇದನ್ನೇ ಒರೆಸಿ ಇನ್ನೊಂದ್ಸಲ ಕಳಿಸ್ಬೋದಾ ಸಾರ್?" ಅನ್ನುವವರೂ ಇದ್ದರು.

ಥೂ ಎಂದು ಬಾಯಿಯವರೆಗೂ ಬರುತ್ತಿತ್ತು. ನುಂಗಿಕೊಂಡು, "ಆಗ್ಲಿ, ಗುರುವಾರ ಬನ್ನಿ," ಅನ್ನುತ್ತಿದ್ದ.

ಇವೆಲ್ಲಕ್ಕಿಂತ ಹೊಲಸಾದ ಒಂದು ವಿದ್ಯೆ ಅವನ ಹತ್ತಿರ ಇತ್ತು. ಅದು ಬಂದದ್ದು ಆಕಸ್ಮಿಕವಾಗಿ. ವಿಜಯನಗರದ ಹುಡುಗಿಯೊಬ್ಬಳ ನೆಗೆಟಿವನ್ನು ಅವಸರದಲ್ಲಿ ಮಗುಚಿ ಇಟ್ಟು ಪ್ರಿಂಟ್ ಹಾಕಿಬಿಟ್ಟಿದ್ದ. ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಹೋಗಿ ಕೂತಿತು. ತಪ್ಪೊಪ್ಪಿಕೊಂಡು ಬೇರೆ ಹಾಕಿಕೊಡೋಣ ಎಂದುಕೊಳ್ಳುವಷ್ಟರಲ್ಲಿ ಹುಡುಗಿಯ ತಾಯಿ ಕೈಮುಗಿದೇ ಬಿಟ್ಟಳು. ಹೆಂಗಸಿಗೆ ಎಡಗಡೆಯ ಮಚ್ಚೆ ಭಾಗ್ಯ, ಬಲಗಡೆಯದು ಗಂಡನಿಗೆ ಆಗಿಬರುವುದಿಲ್ಲ ಎಂದು ನಂಬಿದ ಜನ. ಸುದ್ದಿ ಕಿವಿಯಿಂದ ಕಿವಿಗೆ ಹೋಯಿತು. ಆಮೇಲೆ ವರ್ಷಕ್ಕೆ ಏಳೆಂಟು ಮಂದಿಯಾದರೂ ಬಂದು, ಕೌಂಟರ್ ಮೇಲೆ ಬಗ್ಗಿ, "ಸಾರ್, ಆ ಕಡೆ ಮಾಡಿಕೊಡ್ತೀರಂತಲ್ಲ?" ಎಂದು ಪಿಸುಗುಡುತ್ತಿದ್ದರು. ಚಕ್ರಪಾಣಿ ಮಾಡಿಕೊಡುತ್ತಿದ್ದ.

ಸ್ಟುಡಿಯೋ ಮೇಲೆಯೇ ಮನೆ. ಹೆಂಡತಿ ಪಂಕಜಾ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಮನೆ ನಡೆಸುತ್ತಿದ್ದವಳು ವಿಧವೆ ಅಕ್ಕ ಅಲಮೇಲು. ಒಬ್ಬಳೇ ಮಗಳು ತುಂಗಾ, ಇಪ್ಪತ್ತೈದು ದಾಟಿದವಳು, ಬಸವೇಶ್ವರನಗರದ ಶಿಶುವಿಹಾರದಲ್ಲಿ ಮಕ್ಕಳಿಗೆ ಅಕ್ಷರ ತೀಡಿಸುತ್ತಿದ್ದಳು. ಮಾತು ಕಡಿಮೆ. ಬಲಗೆನ್ನೆಯ ಮೇಲೆ, ಕಣ್ಣಿನಿಂದ ಎರಡು ಬೆರಳು ಕೆಳಗೆ, ತೊಗರಿಕಾಳಿನಷ್ಟು ದೊಡ್ಡ ಕಪ್ಪು ಮಚ್ಚೆ. ಚಿಕ್ಕವಳಿದ್ದಾಗ ಪಂಕಜಾ ಅದಕ್ಕೇ ಮುತ್ತಿಡುತ್ತಿದ್ದಳು. ಈಗ ಅದೇ ಮಚ್ಚೆಯಿಂದ ನಾಲ್ಕು ಸಂಬಂಧ ತಪ್ಪಿಹೋಗಿದ್ದವು. ಐದನೆಯದೂ ತಪ್ಪಿದರೆ ಇನ್ನು ಕೇಳುವವರಿಲ್ಲ, ಹುಡುಗಿ ಮನೆಯಲ್ಲೇ ಉಳಿದುಹೋಗುತ್ತಾಳೆ ಎಂದು ಅಲಮೇಲು ದಿನಕ್ಕೆ ಮೂರು ಹೊತ್ತು, ಊಟ ಬಡಿಸುವಾಗೆಲ್ಲ ಹೇಳುತ್ತಿದ್ದಳು.

ಐದನೆಯದು ಮೈಸೂರಿನದು. ಹುಡುಗ ರೈಲ್ವೆಯಲ್ಲಿ, ಅಪ್ಪ ತಿರುನಾರಾಯಣಯ್ಯಂಗಾರ್ಯರು ನಿವೃತ್ತ ಶಿರಸ್ತೇದಾರರು. ಜಾತಕ ಕೂಡಿತ್ತು. ಎಪ್ಪತ್ತನಾಲ್ಕನೇ ಇಸವಿಯ ದೀಪಾವಳಿ ಕಳೆದ ವಾರದಲ್ಲಿ ಅವರಿಂದ ಕಾಗದ ಬಂತು. "ತಮ್ಮದೇ ಸ್ವಂತ ಸ್ಟುಡಿಯೋ ಎಂದು ತಿಳಿಯಿತು. ಸಂತೋಷ. ಆದ ಕಾರಣ ಸ್ಟುಡಿಯೋ ಫೋಟೋ ಬೇಡ. ಬಯಲಿನಲ್ಲಿ, ಸಹಜ ಬೆಳಕಿನಲ್ಲಿ ನಿಂತ ಭಂಗಿಯ ಒಂದು ಪ್ರತಿಯನ್ನು, ಯಾವುದೇ ತಿದ್ದುಪಡಿ ಇಲ್ಲದೆ ಕಳುಹಿಸತಕ್ಕದ್ದು. ಬೆಂಗಳೂರಿನಲ್ಲಿ ಉದ್ಯಾನಗಳಿಗೇನೂ ಕೊರತೆ ಇಲ್ಲವಷ್ಟೆ."

"ತಕ್ಕದ್ದಂತೆ! ನಾನೇನು ಇವನ ಕಚೇರಿ ಜವಾನನಾ?" ಎಂದು ಚಕ್ರಪಾಣಿ ಕಾಗದವನ್ನು ಮೇಜಿಗೆ ಬಡಿದ.

"ಕೂಗಾಡ್ಬೇಡ. ಅವರು ಕೇಳಿದ್ರಲ್ಲಿ ತಪ್ಪೇನಿದೆ? ಊರಿಗೆಲ್ಲ ಸುಣ್ಣ ಹೊಡ್ಯೋನು ನೀನು, ನಿನ್ನ ಮಗಳಿಗೆ ಹೊಡ್ಯೋಲ್ಲ ಅಂತ ಹ್ಯಾಗ್ ನಂಬ್ತಾರೆ?" ಎಂದಳು ಅಲಮೇಲು. ತುಂಗಾ ಒಳಗೆ ಮಲ್ಲಿಗೆ ಕಟ್ಟುತ್ತಿದ್ದಳು. ಅವಳಿಗೆ ಕೇಳಿಸದಿರಲಿ ಎಂದು ಅಲಮೇಲು ದನಿ ತಗ್ಗಿಸಿದಳು. ಆ ಮನೆಯಲ್ಲಿ ದನಿ ತಗ್ಗಿಸಿದರೆ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು. "ನೋಡು ಪಾಣಿ, ಮಚ್ಚೆ ಅಳಿಸ್ಬೇಡ. ಅಳಿಸಿದ್ರೆ ಬಂದು ನೋಡಿದ್ ದಿನ ಮೋಸ ಅಂತಾರೆ. ಆ ಕಡೆ ಮಾಡ್ಬಿಡು."

"ಅಕ್ಕಾ!"

"ಏನ್ ಅಕ್ಕ? ಮಚ್ಚೆ ಇರೋದು ನೋಡಿ, ಓ, ತಿದ್ದಿಲ್ಲ ಅಂತ ಅವರೇ ನಂಬ್ತಾರೆ. ಎಡಗೆನ್ನೆ ನೋಡಿ ಸಂತೋಷಾನೂ ಪಡ್ತಾರೆ. ಬಂದ್ಮೇಲೆ ಯಾವ ಕಡೆ ಅಂತ ಯಾರಿಗೆ ನೆನಪಿರತ್ತೆ? ಯಾರಾದ್ರೂ ಕೇಳಿದ್ರೆ, ಫೋಟೋ ಅಂದ್ರೆ ಕನ್ನಡಿ ಥರ, ಬಲ ಎಡ ಆಗೋದು ಸಹಜ ಅಂದ್ರಾಯ್ತು. ನೀನು ಫೋಟೋಗ್ರಾಫರು, ನಿನ್ನ ಮಾತಿಗೆ ಎದುರಾಡ್ತಾರಾ?"

ಚಕ್ರಪಾಣಿಗೆ ಅಕ್ಕನ ಮೇಲೆ ಅಸಹ್ಯ ಬಂತು. ಮಾತು ಸರಿಯಾಗಿದೆ ಅನ್ನಿಸಿದಾಗ ತನ್ನ ಮೇಲೆ ಇನ್ನೂ ಹೆಚ್ಚು ಬಂತು. ಊರವರ ಹೆಣ್ಣುಮಕ್ಕಳನ್ನು ಮಗುಚಿ ಹಾಕುವಾಗ ಇಲ್ಲದ ಮಡಿ ತನ್ನ ಮಗಳಿಗೆ ಮಾತ್ರ ಯಾಕೆ? ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಒಂದು ಹಾಳೆ ತೆಗೆದುಕೊಂಡು ಏನೇನು ಮಾಡಬೇಕೆಂದು ಬರೆಯಲು ಕೂತ.

ಮಾಡುವುದೇ ಆದರೆ ನೆಟ್ಟಗೆ ಮಾಡಬೇಕು ಅನ್ನುವವನು ಅವನು. ಮಗುಚಿದ ಫೋಟೋ ಸಿಕ್ಕಿಬೀಳುವುದು ಮುಖದಿಂದಲ್ಲ, ಸುತ್ತಮುತ್ತಲಿನ ಸಾಮಾನಿನಿಂದ ಎಂದು ಅವನಿಗೆ ಗೊತ್ತಿತ್ತು. ಸೆರಗು ಎಡಹೆಗಲಿಂದ ಬಲಹೆಗಲಿಗೆ ಹೋಗುತ್ತದೆ. ಆದ್ದರಿಂದ ಎರಡೂ ಹೆಗಲು ಮುಚ್ಚುವಂತೆ ಹೊದೆಯಬೇಕು. ಕೈಗಡಿಯಾರ ಬೇಡ. ಮೂಗುಬಟ್ಟು ಬೇಡ. ಬೈತಲೆ ನಟ್ಟನಡುವೆ. ಸೀರೆಯ ನೆರಿಗೆ ಕೂಡ ತಿರುಗುತ್ತದೆ, ಗಂಡಿನ ತಾಯಿಯ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಸೊಂಟದಿಂದ ಕೆಳಗೆ ಮರೆಯಾಗುವಂತೆ ಗಿಡದ ಹಿಂದೆ ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯ, ಹಿಂದೆ ಎಲ್ಲಿಯೂ ಅಕ್ಷರ ಇರಬಾರದು. ಈ ಸಾಲಿನ ಕೆಳಗೆ ಎರಡು ಗೀಟು ಎಳೆದ.

ಜಾಗ ನೋಡಲು ಒಂದು ಭಾನುವಾರ ಒಬ್ಬನೇ ಲಾಲ್‌ಬಾಗಿಗೆ ಹೋದ. ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿ, ಬಾಗಿಲಲ್ಲೇ ನೋಣ ಮುತ್ತಿದ ಪರಂಗಿ ಹೋಳು ದಾಟಿ ಒಳಗೆ ಕಾಲಿಟ್ಟ. ಬೆಂಗಳೂರನ್ನು ಉದ್ಯಾನನಗರಿ ಎಂದು ಹೊಗಳುವವರೆಲ್ಲ ಭಾನುವಾರ ಇಲ್ಲಿಗೆ ಬಂದು ಕಡಲೆಕಾಯಿ ಸಿಪ್ಪೆ ಉಗುಳಿ ಹೋಗುತ್ತಿದ್ದರು. ಗಾಜಿನ ಮನೆಯ ಮುಂದೆ ಫಲಪುಷ್ಪ ಪ್ರದರ್ಶನದ ಹಳೇ ಬೋರ್ಡು ಇನ್ನೂ ಕಿತ್ತಿರಲಿಲ್ಲ, ಅದು ಆಗದು. ಕಲ್ಲುಬೆಂಚಿನ ಮೇಲೆ ದಾನಿಗಳ ಹೆಸರು ಕೊರೆದಿತ್ತು, ಅದೂ ಆಗದು. ದೊಡ್ಡ ಮರವೊಂದು ಬಹಳ ಚೆನ್ನಾಗಿತ್ತು. ಹತ್ತಿರ ಹೋಗಿ ನೋಡಿದರೆ ಬುಡದಿಂದ ಆಳೆತ್ತರದವರೆಗೂ ಪ್ರೇಮಿಗಳು ಚಾಕುವಿನಲ್ಲಿ ಹೆಸರು ಕೆತ್ತಿದ್ದರು. ಮರದ ತೊಗಟೆಯನ್ನೂ ಬಿಡದ ಜನ! ಕೆರೆಯ ಕಡೆ, ಎಲೆಯಡಿಕೆ ಉಗುಳದ ಒಂದೇ ಒಂದು ಜಾಗದಲ್ಲಿ ಡೇರೆ ಹೂವಿನ ಉದ್ದನೆಯ ಪಾತಿ ಸಿಕ್ಕಿತು. ಗಿಡ ಸೊಂಟದೆತ್ತರ. ಹಿಂದೆ ಬರೀ ನೀರು, ನೀರಿನಾಚೆ ಬಿದಿರು. ಅಕ್ಷರದ ಸುಳಿವಿಲ್ಲ. ಬೆಳಿಗ್ಗೆ ಎಂಟೂವರೆಗೆ ಬೆಳಕು ಎಲ್ಲಿಂದ ಬೀಳುತ್ತದೆ ಎಂದು ಲೆಕ್ಕ ಹಾಕಿ, ಹೆಜ್ಜೆ ಎಣಿಸಿ, ವಾಪಸು ಬಂದ.

ಮರುವಾರ ತುಂಗಾ ರಜೆ ಹಾಕಿದಳು. ಅಲಮೇಲು ಅವಳಿಗೆ ಪಂಕಜಾಳ ಹಸಿರು ರೇಷ್ಮೆ ಉಡಿಸಿ, ಸೆರಗು ಎರಡೂ ಹೆಗಲಿಗೆ ಬಿಗಿದಳು. ಗಡಿಯಾರ ಬಿಚ್ಚು ಅಂದಾಗ ಬಿಚ್ಚಿದಳು. ಮೂಗುಬಟ್ಟು ತೆಗಿ ಅಂದಾಗ ಮಾತ್ರ ತುಂಗಾ ಕೇಳಿದಳು:

"ಇದ್ಯಾಕತ್ತೆ?"

"ಬಿಸಿಲಿಗೆ ಮಿಂಚತ್ತಂತೆ. ನಿಮ್ಮಪ್ಪ ಹೇಳಿದಾನೆ."

ತುಂಗಾ ಅಪ್ಪನ ಕಡೆ ನೋಡಿದಳು. ಅಪ್ಪ ಕ್ಯಾಮೆರಾದ ಲೆನ್ಸು ಒರೆಸುತ್ತಿದ್ದ. ಸ್ಟುಡಿಯೋದಲ್ಲೇ ಬೆಳೆದವಳಿಗೆ ಮೂಗುಬಟ್ಟು ಯಾಕೆ ತೆಗೆಸುತ್ತಾರೆಂದು ತಿಳಿಯದೆ ಇರುತ್ತದೆಯೇ? ತೆಗೆದು ಅತ್ತೆಯ ಅಂಗೈಗೆ ಹಾಕಿದಳು.

ಚಕ್ರಪಾಣಿಯದು ಎದೆಗೆ ನೇತುಹಾಕಿಕೊಂಡು ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆ ಕ್ಯಾಮೆರಾ. ಅದರ ನೆತ್ತಿಯ ಮೇಲಿನ ಮಸುಕು ಗಾಜಿನಲ್ಲಿ ಎದುರಿನ ಲೋಕವೆಲ್ಲ ಬಲ ಎಡವಾಗಿ, ಎಡ ಬಲವಾಗಿ ಕಾಣುತ್ತದೆ. ಹೊಸಬರಿಗೆ ತಲೆ ತಿರುಗುತ್ತದೆ. ಇಪ್ಪತ್ತೆರಡು ವರ್ಷ ಅದರಲ್ಲೇ ಕಣ್ಣು ಸವೆಸಿದ ಚಕ್ರಪಾಣಿಗೆ ಅದೇ ನೇರ, ಹೊರಗಿನದೇ ಸೊಟ್ಟ. ಆಗಿನಿಂದ ತುಂಗಾಳ ಪ್ರತಿ ಹುಟ್ಟುಹಬ್ಬಕ್ಕೂ ಅವನು ಅದೇ ಗಾಜಿನಲ್ಲಿ ಬಗ್ಗಿ ನೋಡಿ ಒಂದು ಫೋಟೋ ತೆಗೆದಿದ್ದ.

ಪಾತಿಯ ಹಿಂದೆ ಅವಳನ್ನು ನಿಲ್ಲಿಸಿ, ಅಳತೆ ಸರಿಮಾಡಿಕೊಳ್ಳುವಷ್ಟರಲ್ಲಿ ಎಲ್ಲಿಂದಲೋ ಒಂದು ಹಿಂಡು ಪಡ್ಡೆಗಳು ಬಂದು ನಿಂತರು. "ಏನ್ ಗುರು, ಸಿನಿಮಾನಾ?" ಎಂದ ಒಬ್ಬ. "ಹೀರೋ ಎಲ್ಲಿ ಅಂಕಲ್? ನಾನ್ ಬರ್ಲಾ?" ಎಂದ ಇನ್ನೊಬ್ಬ. ಮೂರನೆಯವನು ಶಿಳ್ಳೆ ಹಾಕಿದ. ಚಕ್ರಪಾಣಿಯ ಮೈಯೆಲ್ಲ ಉರಿದುಹೋಯಿತು. ಬೈದರೆ ಜಗಳವಾಗುತ್ತದೆ, ಬೆಳಕು ಹೋಗುತ್ತದೆ. ಇವರ ಮುಖ ನೋಡುವುದೇ ಬೇಡವೆಂದು ಗಾಜಿನೊಳಗೆ ತಲೆ ಹುದುಗಿಸಿ, "ಗಲ್ಲ ಎತ್ತು. ಸ್ವಲ್ಪ ನಗು. ಇನ್ನೂ ಸ್ವಲ್ಪ," ಎನ್ನುತ್ತಾ ಒಂದರ ಮೇಲೊಂದರಂತೆ ರೋಲಿನ ಹನ್ನೆರಡೂ ಫೋಟೋ ತೆಗೆದು ಮುಗಿಸಿದ. ತುಂಗಾ ಒಂದೆರಡು ಸಲ "ಅಪ್ಪಾ" ಎಂದಳು. "ಮಾತಾಡ್ಬೇಡ, ತುಟಿ ಅಲ್ಲಾಡತ್ತೆ," ಎಂದ.

ಅಂದೇ ರೋಲು ತೊಳೆದ. ಏಳನೆಯದು ಅದ್ಭುತವಾಗಿ ಬಂದಿತ್ತು. ಹಿಂದೆ ಕೆರೆ ತಿಳಿಯಾಗಿತ್ತು, ಬಿದಿರು ಹೊಗೆಯ ಹಾಗೆ ಮಸುಕಾಗಿತ್ತು, ಮುಖದ ಮೇಲೆ ಮೆದುವಾದ ಬೆಳಕು. ನೆಗೆಟಿವ್ ಮಗುಚಿ ಇಟ್ಟು ಪ್ರಿಂಟ್ ಹಾಕಿದ. ಗಾಜಿನಲ್ಲಿ ಹೇಗೆ ಕಂಡಿತ್ತೋ ಕಾಗದದ ಮೇಲೂ ಹಾಗೆಯೇ ಬಂತು. ಎಲ್ಲ ಸರಿಯಾಗಿದೆ ಅನ್ನಿಸಿತು. ಮಚ್ಚೆ ಎಡಗೆನ್ನೆಯಲ್ಲಿ ಕೂತಿತ್ತು. ಕವರಿಗೆ ಹಾಕಿ ಅಂಚೆಗೆ ಕೊಡು ಎಂದು ತುಂಗಾಳ ಕೈಗೇ ಕೊಟ್ಟು, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡ. ಅವತ್ತು ಮೂರು ಸಲ ತೊಳೆದ.

ಹತ್ತು ದಿನಕ್ಕೆ ಉತ್ತರ ಬಂತು. ಫೋಟೋ ಒಪ್ಪಿಗೆಯಾಗಿದೆ, ಬರುವ ಭಾನುವಾರ ಹುಡುಗಿ ನೋಡಲು ಬರುತ್ತೇವೆ. ಅಲಮೇಲು ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಭಾನುವಾರ ತಿರುನಾರಾಯಣಯ್ಯಂಗಾರ್ಯರು, ಅವರ ಹೆಂಡತಿ, ಹುಡುಗ, ಮೂವರೂ ಬಂದು ಬೆತ್ತದ ಕುರ್ಚಿಗಳಲ್ಲಿ ಕೂತರು. ಹುಡುಗ ಮಾತಾಡಲಿಲ್ಲ. ತಾಯಿ ಕಿಟಕಿಯ ಪರದೆಯನ್ನು ಬೆರಳಲ್ಲಿ ಹಿಸುಕಿ ಬಟ್ಟೆ ಎಂಥದ್ದೆಂದು ನೋಡಿದರು. ಅಲಮೇಲು ತಂದಿಟ್ಟ ಕೇಸರಿಭಾತನ್ನು ಶಿರಸ್ತೇದಾರರು ಚಮಚ ಬಿಟ್ಟು ಕೈಯಲ್ಲೇ ಮುಗಿಸಿದರು. ತುಪ್ಪದ ಬೆರಳನ್ನು ಒಂದೊಂದಾಗಿ ಚೀಪಿದರು. ಅದೇ ಕೈಯಿಂದ ಜೇಬಿನ ಫೋಟೋ ಹೊರತೆಗೆದರು.

"ಹುಡುಗಿ ಕರೆಯೋಕೆ ಮುಂಚೆ ಒಂದು ಮಾತು. ನಿಮ್ಮ ಮಗಳಿಗೆ ಮಚ್ಚೆ ಯಾವ ಕೆನ್ನೇಲಿದೆ ಸ್ವಾಮಿ?"

ಚಕ್ರಪಾಣಿ ಬಾಯಿ ತೆರೆದ. ಎಡ ಅನ್ನಬೇಕೆಂದು ಅಕ್ಕನ ಜೊತೆ ಮಾತಾಗಿತ್ತು. ಎಡ ಅನ್ನಲು ನಾಲಿಗೆ ಏಳಲಿಲ್ಲ. ಹಾಗಾದರೆ ನಿಜ ಯಾವುದು? ಮಗಳ ಮುಖವನ್ನು ಮನಸ್ಸಿಗೆ ತಂದುಕೊಂಡ. ಐದನೇ ಹುಟ್ಟುಹಬ್ಬ, ಎಂಟನೆಯದು, ಹನ್ನೆರಡನೆಯದು, ಮೊನ್ನೆಯ ಲಾಲ್‌ಬಾಗು. ನೆನಪಿಗೆ ಬಂದ ಮುಖಗಳೆಲ್ಲ ಆ ಮಸುಕು ಗಾಜಿನ ಮುಖಗಳು. ಗಾಜಿನಲ್ಲಿ ಆ ಕಡೆ ಅಂದರೆ ನಿಜದಲ್ಲಿ ಈ ಕಡೆ. ಮಗುಚಿದರೆ ಮತ್ತೆ ಆ ಕಡೆ. ಹಾಗಾದರೆ... ಹೆತ್ತ ಮಗಳ ಮಚ್ಚೆ ಯಾವ ಕೆನ್ನೆಯಲ್ಲಿದೆ ಎಂದು ಹೇಳಲು ಬೆರಳೆಣಿಸಬೇಕಾಯಿತು ಅವನಿಗೆ.

"ಅದೇ... ಫೋಟೋದಲ್ಲಿ ಕಾಣತ್ತಲ್ಲ," ಎಂದ.

"ಕಾಣತ್ತೆ, ಕಾಣತ್ತೆ," ಎಂದು ನಗುತ್ತಾ ಶಿರಸ್ತೇದಾರರು ಎದ್ದು ಗೋಡೆಯ ಕನ್ನಡಿಯ ಮುಂದೆ ನಿಂತು, ಫೋಟೋವನ್ನು ಕನ್ನಡಿಗೆ ತೋರಿಸಿದರು. "ಇಲ್ಲಿ ಬಂದು ಓದಿ. ಹೂವಿನ ಮಧ್ಯೆ, ಎಡಗಡೆ ಕೆಳಗೆ."

ಚಕ್ರಪಾಣಿ ಹೋಗಿ ನೋಡಿದ. ಪಾತಿಯ ಡೇರೆ ಹೂಗಳ ನಡುವೆ ತಗಡಿನ ಒಂದು ಪುಟ್ಟ ಬೋರ್ಡು. ಕನ್ನಡಿಯಲ್ಲಿ ಅಕ್ಷರ ನೆಟ್ಟಗೆ ಓದಿಸಿಕೊಂಡವು: ಹೂ ಕೀಳಬಾರದು. ಫೋಟೋದಲ್ಲಿ ಅವು ತಿರುವುಮುರುವಾಗಿದ್ದವು. ಬೆನ್ನ ಹಿಂದೆ ಅಕ್ಷರ ಇರಬಾರದೆಂದು ಊರೆಲ್ಲ ಅಲೆದವನು ಮುಂದಿದ್ದದ್ದನ್ನು ನೋಡಿರಲಿಲ್ಲ. ನೋಡಿದ್ದ, ಗಾಜಿನಲ್ಲೂ ನೋಡಿದ್ದ, ಪ್ರಿಂಟಿನಲ್ಲೂ ನೋಡಿದ್ದ. ತಿರುಗಿದ ಅಕ್ಷರ ಅವನ ಕಣ್ಣಿಗೆ ತಿರುಗಿದ ಹಾಗೆ ಕಾಣುವುದು ನಿಂತು ಎಷ್ಟೋ ವರ್ಷವಾಗಿತ್ತು. ಬೀದಿಯಲ್ಲಿ ಹೋಗುವ ಮೂರನೇ ಕ್ಲಾಸಿನ ಮಗುವಿಗೆ ಕಾಣುವ ತಪ್ಪು ಫೋಟೋಗ್ರಾಫರನಿಗೇ ಕಂಡಿರಲಿಲ್ಲ.

ಈಗ ಉಗಿಯುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡ. ಶಿರಸ್ತೇದಾರರು ಆರಾಮವಾಗಿ ವಾಪಸು ಬಂದು ಕೂತರು.

"ಬೇಜಾರ್ ಮಾಡ್ಕೋಬೇಡಿ. ಹೆಣ್ಣು ಹೆತ್ತೋರ ಕಷ್ಟ ನಮಗೆ ಗೊತ್ತಿಲ್ವೇ? ಬಲಗೆನ್ನೆ ಮಚ್ಚೆ ಗಂಡನಿಗೆ ಕಂಟಕ ಅಂತಾರೆ, ನಾನಂತೂ ಅದನ್ನೆಲ್ಲ ನಂಬೋನಲ್ಲ. ಇವಳಿಗೆ ಮಾತ್ರ ಮನಸ್ಸಿಗೆ ಸಮಾಧಾನ ಆಗ್ಬೇಕು ನೋಡಿ." ಹೆಂಡತಿ ಸಮಾಧಾನವಿಲ್ಲದ ಮುಖ ಮಾಡಿದರು. "ನೀವು ಸ್ಕೂಟರಿಗೆ ಹೆಸರು ಬರೆಸಿ ಕಾಯ್ತಾ ಆರು ವರ್ಷ ಆಯ್ತಂತೆ, ಮೊನ್ನೆ ನಿಮ್ಮ ಸರದಿ ಬಂತಂತೆ? ಅದನ್ನ ಹುಡುಗನಿಗೆ ಬಿಟ್ಕೊಡಿ. ಮಚ್ಚೆ ವಿಷಯ ಇಲ್ಲಿಗೆ ಮುಗೀತು."

ಹುಡುಗ ಮೊದಲ ಸಲ ತಲೆ ಎತ್ತಿದ. ಸ್ಕೂಟರಿನ ಬಣ್ಣ ಯಾವುದು ಎಂದು ಕೇಳಿದ.

ಚಕ್ರಪಾಣಿಗೆ ಈಗ ಅರ್ಥವಾಯಿತು. ಇವರಿಗೆ ಮಚ್ಚೆಯೂ ಬೇಕಾಗಿಲ್ಲ, ಮೋಸವೂ ಬೇಕಾಗಿಲ್ಲ, ಕಂಟಕ ಎಂದು ಹೇಳಿಕೊಂಡ ಮಚ್ಚೆಗೆ ಎರಡು ಚಕ್ರ ಸಿಕ್ಕರೆ ಸಾಕು. ಆದರೂ, ಹೇಳಲು ನಾಚಿಕೆಯಾಗುತ್ತದೆ, ಅವನ ತುಟಿಯ ಮೇಲೆ "ಆಗ್ಲಿ" ಅನ್ನುವ ಮಾತೇ ಬಂದು ಕೂತಿತ್ತು. ಐದನೆಯದೂ ತಪ್ಪಬಾರದಲ್ಲ. ಇಪ್ಪತ್ತೆರಡು ವರ್ಷ "ಆಗ್ಲಿ, ಗುರುವಾರ ಬನ್ನಿ" ಎಂದ ಬಾಯಿ ಅದು. ಬಾಗಿಲ ಸಂದಿಯಿಂದ ಅಲಮೇಲು ಹೂಂ ಅನ್ನು, ಹೂಂ ಅನ್ನು ಎಂದು ಸನ್ನೆ ಮಾಡುತ್ತಿದ್ದಳು.

ಅಷ್ಟರಲ್ಲಿ ತುಂಗಾ ಕಾಫಿ ತಟ್ಟೆ ಹಿಡಿದು ತಾನೇ ಬಂದಳು. ಕರೆಯುವವರೆಗೂ ಕಾಯಲಿಲ್ಲ. ಮೂಗುಬಟ್ಟು ಹಾಕಿಕೊಂಡಿದ್ದಳು, ಗಡಿಯಾರ ಕಟ್ಟಿಕೊಂಡಿದ್ದಳು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಂದವರ ಕಡೆ ನೋಡದೆ ಅಪ್ಪನಿಗೆ ಹೇಳಿದಳು:

"ಅಪ್ಪಾ, ಆ ಬೋರ್ಡು ನಾನು ನೋಡಿದ್ದೆ."

"ಯಾವಾಗ? ಕವರಿಗೆ ಹಾಕುವಾಗಲಾ?"

"ಅಲ್ಲ, ಲಾಲ್‌ಬಾಗಲ್ಲೇ. ನನ್ನ ಸೊಂಟದ ಪಕ್ಕದಲ್ಲೇ ಇತ್ತಲ್ಲ. ನೀನು ತಲೆ ಎತ್ತಿ ನನ್ನ ನೋಡಿದ್ರೆ ತೋರಿಸೋಣ ಅಂತ ಕಾದೆ. ಎರಡು ಸಲ ಕರೆದೆ. ಹನ್ನೆರಡು ಫೋಟೋ ಮುಗಿಯೋವರ್ಗೂ ನೀನು ತಲೆ ಎತ್ತಲೇ ಇಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಶಿಶುವಿಹಾರದ ಮಗುವಿಗೆ ಅಕ್ಷರ ಹೇಳಿಕೊಟ್ಟ ಹಾಗಿತ್ತು. ಚಕ್ರಪಾಣಿ ತಲೆ ಎತ್ತಿದ. ಎರಡು ಮೊಳದ ದೂರದಲ್ಲಿ, ನಡುವೆ ಯಾವ ಗಾಜೂ ಇಲ್ಲದೆ, ಮಗಳು ನಿಂತಿದ್ದಳು. ಅವನು ನೋಡುತ್ತಲೇ ನಿಂತ. ಕಾಫಿ ಆರುತ್ತಿತ್ತು. ಶಿರಸ್ತೇದಾರರು ಕೆಮ್ಮಿದರು.

"ಏನಂತೀರಿ ಸ್ವಾಮಿ?"

"ಬಲಗೆನ್ನೆ," ಎಂದ ಚಕ್ರಪಾಣಿ.

"ಅದು ಗೊತ್ತಾಯ್ತಲ್ಲ, ನಾನು ಕೇಳಿದ್ದು ಸ್ಕೂಟರು..."

"ನೀವು ಮೊದಲು ಕೇಳಿದ್ದಕ್ಕೆ ಉತ್ತರ ಹೇಳ್ತಾ ಇದೀನಿ. ನನ್ನ ಮಗಳಿಗೆ ಮಚ್ಚೆ ಇರೋದು ಬಲಗೆನ್ನೇಲಿ. ಅವರಮ್ಮ ಅಲ್ಲೇ ಮುತ್ತಿಡ್ತಿದ್ಲು. ಫೋಟೋ ಇಲ್ಲಿ ಕೊಡಿ."

ಒಳಗೆ ಅಲಮೇಲು ಹಣೆ ಬಡಿದುಕೊಂಡ ಸದ್ದು ಕೇಳಿಸಿತು. ಶಿರಸ್ತೇದಾರರು ಮುಖ ಗಂಟಿಕ್ಕಿ ಫೋಟೋವನ್ನು ಮೇಜಿನ ಮೇಲೆ ಎಸೆದು, ಹೆಂಡತಿ ಮಗನನ್ನು ಎಬ್ಬಿಸಿಕೊಂಡು ಮೆಟ್ಟಿಲಿಳಿದರು. ಅವರು ಹೋದ ಮೇಲೆ ಚಕ್ರಪಾಣಿ ಫೋಟೋ ಎತ್ತಿಕೊಂಡ. ಮುಖದ ಮೇಲೆ, ಸರಿಯಾಗಿ ಮಚ್ಚೆಯ ಮೇಲೆಯೇ, ಕೇಸರಿಭಾತಿನ ತುಪ್ಪದ ಹೆಬ್ಬೆಟ್ಟಿನ ಗುರುತು ಬಿದ್ದಿತ್ತು. ಪಂಚೆಯ ಚುಂಗಿನಿಂದ ಒರೆಸಿದ. ಹೋಗಲಿಲ್ಲ.

"ಬಿಡಪ್ಪ, ಅದು ನಾನಲ್ಲ," ಎಂದಳು ತುಂಗಾ. ಆರಿದ ಕಾಫಿಯ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟುಕೊಂಡು ಒಳಗೆ ಹೋದಳು.